ಎಣ್ಣೆ ಬಾಟಲಿಯ ಹಿಂಬದಿ ಓದುವುದು ಹೇಗೆ?

ಅರಸೀಕೆರೆ ಕಡೆಯ ಯಾವ ಮನೆಯಲ್ಲಾದರೂ ಕನ್ನಡಿ ಪಕ್ಕದಲ್ಲಿಟ್ಟಿರುವ ಕೊಬ್ಬರಿ ಎಣ್ಣೆಯ ಬಾಟಲಿ ಎತ್ತಿಕೊಂಡು ನೋಡಿ. ಹೆಚ್ಚು ಮಾರಾಟವಾಗುವ ಎಷ್ಟೋ ಬ್ರ್ಯಾಂಡುಗಳ ಮೇಲೆ ಕೂದಲಿನ ಮಾತೇ ಇರುವುದಿಲ್ಲ. ಇರುವುದು ಹಸಿರು ಚುಕ್ಕೆ, ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಗುರುತು, 14 ಅಂಕಿಯ ಪರವಾನಗಿ ಸಂಖ್ಯೆ, ನೂರು ಗ್ರಾಂಗೆ ಎಷ್ಟು ಕ್ಯಾಲೊರಿ ಎಂಬ ಲೆಕ್ಕ. ಕಾನೂನಿನ ಕಣ್ಣಿಗೆ ಅದು ಒಗ್ಗರಣೆಗೆ ಹಾಕುವ ಎಣ್ಣೆ. ತಲೆಗೆ ಹಚ್ಚಿಕೊಳ್ಳುವುದು ನಮ್ಮ ರೂಢಿ, ನಮ್ಮ ಇಷ್ಟ.

ಇದರ ಹಿಂದೆ ದೊಡ್ಡ ತೆರಿಗೆ ಜಗಳವೇ ಇದೆ. ಅಡುಗೆ ಎಣ್ಣೆಗೆ ಜಿಎಸ್‌ಟಿ ಶೇ 5, ಹೇರ್ ಆಯಿಲ್‌ಗೆ ಶೇ 18 ಇದ್ದ ಕಾಲದಲ್ಲಿ ಸಣ್ಣ ಬಾಟಲಿಯ ಕೊಬ್ಬರಿ ಎಣ್ಣೆ ಯಾವ ಪಂಕ್ತಿಗೆ ಸೇರಬೇಕು ಎಂದು ತೆರಿಗೆ ಇಲಾಖೆಗೂ ತಯಾರಕರಿಗೂ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. 2018ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲೇ ಒಮ್ಮತ ಮೂಡಲಿಲ್ಲ. ಕೊನೆಗೆ 2024ರ ಡಿಸೆಂಬರ್ 18ರಂದು ಮೂವರ ಪೀಠ ತೀರ್ಮಾನ ಕೊಟ್ಟಿತು: ಬಾಟಲಿ ಚಿಕ್ಕದು ಎಂಬ ಒಂದೇ ಕಾರಣಕ್ಕೆ ಶುದ್ಧ ಕೊಬ್ಬರಿ ಎಣ್ಣೆ ಹೇರ್ ಆಯಿಲ್ ಆಗುವುದಿಲ್ಲ, ಕೂದಲಿಗೆಂದೇ ಲೇಬಲ್ ಹಾಕಿ ಮಾರಿದರೆ ಆ ಮಾತು ಬೇರೆ. 2025ರ ಸೆಪ್ಟೆಂಬರ್ 22ರಿಂದ ಹೇರ್ ಆಯಿಲ್ ತೆರಿಗೆಯೂ ಶೇ 5ಕ್ಕೆ ಇಳಿದಿರುವುದರಿಂದ ಜಗಳದ ಬಿಸಿ ಈಗ ಆರಿದೆ. ಆದರೆ ಗ್ರಾಹಕರಾಗಿ ನಮಗೆ ಬೇಕಾದ ಒಂದು ವಿಷಯವನ್ನು ಅದು ಎತ್ತಿ ತೋರಿಸಿತು. ಎಣ್ಣೆ ಒಂದೇ ಇರಬಹುದು, ಅದು ಯಾವ ಕಾನೂನಿನ ಕೆಳಗೆ ಬರುತ್ತದೆ ಎಂಬುದನ್ನು ತೀರ್ಮಾನಿಸುವುದು ಬಾಟಲಿಯ ಮೇಲಿನ ಬರಹ. ಯಾವ ಕಾನೂನು ಎಂದು ಗೊತ್ತಾದರೆ ಯಾವ ಪರೀಕ್ಷೆ ಆಗಿರಬೇಕು, ಏನೇನು ಅಚ್ಚು ಹಾಕಿರಬೇಕು, ಕೆಟ್ಟರೆ ಯಾರನ್ನು ಕೇಳಬೇಕು ಎಲ್ಲವೂ ಗೊತ್ತಾದಂತೆ.

ಒಂದೇ ಎಣ್ಣೆಗೆ ನಾಲ್ಕು ವೇಷ

ಮೊದಲನೆಯದು ಈಗ ಹೇಳಿದ ಆಹಾರದ ವೇಷ. ತಿನ್ನಲು ಯೋಗ್ಯವೆಂದು ಪರೀಕ್ಷೆಯಾದ ಎಣ್ಣೆ ಚರ್ಮಕ್ಕೆ ಕೀಳೇನಲ್ಲ. ಎಣ್ಣೆಯ ಕೊಬ್ಬು ಯಾವ ಬಗೆಯದು ಎಂದು ತೋರಿಸುವ ಅಯೋಡಿನ್ ಮೌಲ್ಯ ಕೊಬ್ಬರಿ ಎಣ್ಣೆಗೆ 7.5ರಿಂದ 10ರೊಳಗೆ ಇರಬೇಕು ಎಂಬಂಥ ಅಳತೆಗಳು ಆಹಾರ ನಿಯಮದಲ್ಲಿವೆ. ಬೇರೆ ಎಣ್ಣೆ ಬೆರೆಸಿದರೆ ಈ ಸಂಖ್ಯೆ ಜರುಗುತ್ತದೆ. ಹಚ್ಚುವುದು ಹೇಗೆ, ಯಾರು ಹಚ್ಚಬಾರದು ಎಂಬ ಸೂಚನೆ ಮಾತ್ರ ಅದರಲ್ಲಿ ಇರುವುದಿಲ್ಲ.

ಎರಡನೆಯದು ಕಾಸ್ಮೆಟಿಕ್. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ ಮತ್ತು ಅದರಡಿ ಬಂದ 2020ರ ಕಾಸ್ಮೆಟಿಕ್ಸ್ ನಿಯಮಗಳು ಇದಕ್ಕೆ ಅನ್ವಯ. ಮೈಗೆ ಉಜ್ಜುವ, ಸುರಿಯುವ, ಸಿಂಪಡಿಸುವ, ಅಂದ ಹೆಚ್ಚಿಸುವ ಅಥವಾ ಶುಚಿ ಮಾಡುವ ಉದ್ದೇಶದ ವಸ್ತು ಇದು. ರೋಗ ವಾಸಿ ಮಾಡುತ್ತೇನೆ ಎಂದು ಇದು ಬಾಯಿಬಿಡುವಂತಿಲ್ಲ.

ಮೂರನೆಯದು ಆಯುರ್ವೇದ ಔಷಧಿ. ಕಾಯ್ದೆ ಅದೇ, ಅಧ್ಯಾಯ ಬೇರೆ, ಪರವಾನಗಿ ಬೇರೆ. ಒಂದು ಅನುಕೂಲ ಇದರಲ್ಲಿದೆ: ಯಾವ ಮೂಲಿಕೆ ಎಷ್ಟು ಎಂದು ಪ್ರಮಾಣ ಸಮೇತ ಬರೆಯಬೇಕು. ‘ಪ್ರತಿ 10 ಮಿಲಿಯಲ್ಲಿ ಭೃಂಗರಾಜ ಇಷ್ಟು, ಆಮಲಕಿ ಇಷ್ಟು, ತಿಲ ತೈಲ ಇಷ್ಟು’ ಎಂಬ ಪಟ್ಟಿ ಕಂಡರೆ ಕೈಯಲ್ಲಿರುವುದು ಔಷಧಿ. ಅಕ್ಕಪಕ್ಕದ ಎರಡು ಬಾಟಲಿಗಳಲ್ಲಿ ಅದೇ ಗರುಗದ ಸೊಪ್ಪು, ಅದೇ ನೆಲ್ಲಿಕಾಯಿ ಚಿತ್ರ ಇದ್ದರೂ ಒಂದು ಔಷಧಿ, ಇನ್ನೊಂದು ಕಾಸ್ಮೆಟಿಕ್ ಆಗಿರುವುದು ನಮ್ಮ ಅಂಗಡಿಗಳಲ್ಲಿ ತೀರಾ ಸಾಮಾನ್ಯ.

ನಾಲ್ಕನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದೇ ಅಪಾಯ. ದೀಪದ ಎಣ್ಣೆ. ಹಳದಿ ಬಣ್ಣ, ಮೂಗಿಗೆ ಹಿತವಾದ ಪರಿಮಳ, ಮುಂದೆ ದೇವರ ಪಟ, ಎಳ್ಳೆಣ್ಣೆಗಿಂತ ಅರ್ಧ ಬೆಲೆ. ಒಂದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಪೂಜೆಗೆ ಮಾತ್ರ, ತಿನ್ನಲು ಅಲ್ಲ’ ಎಂದಿರುತ್ತದೆ. ಅದರಲ್ಲಿ ಏನಿದೆ ಎಂದು ಕಾಸ್ಮೆಟಿಕ್‌ನಂತೆ ಪಟ್ಟಿ ಕೊಡುವ ಹೊಣೆ ಅದಕ್ಕಿಲ್ಲ. ಮಂಡಿನೋವಿಗೆ, ಎಣ್ಣೆಸ್ನಾನಕ್ಕೆ ಅದನ್ನೇ ಬಳಸುವ ಹಿರಿಯರು ನಮ್ಮ ಬೀದಿಗಳಲ್ಲೇ ಇದ್ದಾರೆ. ಮನೆಯಲ್ಲಿದ್ದರೆ ದೀಪದ ಬಾಟಲಿಯನ್ನು ದೇವರ ಕೋಣೆಯಲ್ಲೇ ಇಡಿ, ಬಚ್ಚಲ ಹತ್ತಿರ ಬೇಡ.

ಹಾಸನದ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನವಿದೆ. ಹೊಂಗೆ, ಬೇವು, ಹಿಪ್ಪೆ ಬೀಜಗಳ ಎಣ್ಣೆಯನ್ನು ಇಂಧನವಾಗಿಸುವ ಕೆಲಸ ಅಲ್ಲಿನದು. ಅದೇ ಹೊಂಗೆ ಎಣ್ಣೆ ಸೋಪಿಗೂ ಹೋಗುತ್ತದೆ, ಕಜ್ಜಿಗೆ ಹಚ್ಚುವ ಹಳ್ಳಿಮದ್ದೂ ಆಗುತ್ತದೆ, ಈಚೆಗೆ ‘ಕರಂಜ ಆಯಿಲ್’ ಎಂದು ಸಣ್ಣ ಗಾಜಿನ ಬಾಟಲಿಯಲ್ಲಿ ದುಬಾರಿಗೂ ಮಾರಾಟವಾಗುತ್ತಿದೆ. ಮರ ಒಂದೇ ಆದರೂ ಇಂಜಿನ್ನಿಗೆಂದು ಹಿಂಡಿದ ಎಣ್ಣೆಯಲ್ಲಿ ಬೂಷ್ಟು ಬಂದ ಬೀಜ ಎಷ್ಟಿತ್ತು, ಯಾವ ಡ್ರಮ್ಮಿನಲ್ಲಿ ತುಂಬಿಟ್ಟಿದ್ದರು ಎಂದು ಯಾರೂ ಕೇಳುವುದಿಲ್ಲ. ಕೇಳುವ ಅಗತ್ಯವೂ ಅಲ್ಲಿಲ್ಲ. ಮುಖಕ್ಕೆ ಹಚ್ಚುವುದಾದರೆ ಅದನ್ನೆಲ್ಲ ಕೇಳಬೇಕು.

ಬಾಟಲಿ ತಿರುಗಿಸಿ

ಕಾಸ್ಮೆಟಿಕ್ ಎಂದು ಮಾರುವ ಎಣ್ಣೆಯ ಮೇಲೆ ಏನಿರಬೇಕು ಎಂಬುದು ನಿಯಮದಲ್ಲೇ ಇದೆ. ತಯಾರಕರ ಹೆಸರು ಮತ್ತು ತಯಾರಾದ ಜಾಗದ ಪೂರ್ತಿ ವಿಳಾಸ, ‘ಬಿ’ ಅಕ್ಷರದ ಮುಂದೆ ಬ್ಯಾಚ್ ಸಂಖ್ಯೆ, ‘ಎಂ’ ಅಕ್ಷರದ ಮುಂದೆ ತಯಾರಿಕಾ ಪರವಾನಗಿ ಸಂಖ್ಯೆ, ಎಲ್ಲಿಯವರೆಗೆ ಬಳಸಬಹುದು ಎಂಬ ತಿಂಗಳು ಮತ್ತು ವರ್ಷ, ಪ್ರಮಾಣ, ಎಚ್ಚರಿಕೆ ಬೇಕಿದ್ದರೆ ಎಚ್ಚರಿಕೆ, ಮತ್ತು ಪದಾರ್ಥಗಳ ಪಟ್ಟಿ. ಬೆಲೆ, ಗ್ರಾಹಕ ಸಂಪರ್ಕದಂಥವು ತೂಕ, ಅಳತೆಗಳ ಕಾನೂನು ಮಾಪನ ನಿಯಮದಿಂದ ಬರುತ್ತವೆ. 60 ಮಿಲಿಗಿಂತ ಚಿಕ್ಕ ದ್ರವದ ಪ್ಯಾಕಿಗೆ ಪದಾರ್ಥಗಳ ಪಟ್ಟಿಯಿಂದ ವಿನಾಯಿತಿ ಇದೆ. ಸ್ಯಾಷೆಗಳ, 50 ಮಿಲಿ ಬಾಟಲಿಗಳ ಹಿಂಬದಿ ಖಾಲಿ ಹೊಡೆಯುವುದು ಅದಕ್ಕೇ. ದೊಡ್ಡ ಬಾಟಲಿಯದನ್ನು ಒಮ್ಮೆ ಓದಿ ಆಮೇಲೆ ಚಿಕ್ಕದು ಕೊಳ್ಳುವುದು ಜಾಣತನ.

ಪಟ್ಟಿ ಓದಲು ಬೇಕಾದ ಸೂತ್ರ ಇಷ್ಟೇ: ಶೇ 1ಕ್ಕಿಂತ ಹೆಚ್ಚು ಇರುವ ಪದಾರ್ಥಗಳು ಹೆಚ್ಚಿನಿಂದ ಕಡಿಮೆಗೆ ಇಳಿಯುವ ಕ್ರಮದಲ್ಲಿ ಬರಬೇಕು. ಶೇ 1 ಮತ್ತು ಅದಕ್ಕಿಂತ ಕಡಿಮೆ ಇರುವವು ಅದಾದ ಮೇಲೆ, ಯಾವ ಕ್ರಮದಲ್ಲಾದರೂ ಸರಿ. ಗೆರೆ ಎಲ್ಲಿ ಬೀಳುತ್ತದೆ ಎಂದು ಅಚ್ಚು ಹಾಕಿರುವುದಿಲ್ಲ. ‘ಪರ್ಫ್ಯೂಮ್’, ವಿಟಮಿನ್ ಇ, ಬಣ್ಣಗಳ ಹೆಸರು ಶುರುವಾದ ಕಡೆ ಗೆರೆ ಬಂತೆಂದು ಅಂದಾಜು ಮಾಡಿದರೆ ಸಾಮಾನ್ಯವಾಗಿ ತಪ್ಪಾಗದು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಮುಂಬದಿಯಲ್ಲಿ ಹಾಲಿನಲ್ಲಿ ನೆನೆದ ಬಾದಾಮಿಗಳ ಚಿತ್ರ, ‘ಬಾದಾಮಿ ಹೇರ್ ಆಯಿಲ್’ ಎಂಬ ಹೆಸರು. ಹಿಂಬದಿಯಲ್ಲಿ: ಲೈಟ್ ಲಿಕ್ವಿಡ್ ಪ್ಯಾರಾಫಿನ್, ವೆಜಿಟೇಬಲ್ ಆಯಿಲ್, ಪರ್ಫ್ಯೂಮ್, ಪ್ರೂನಸ್ ಅಮಿಗ್ಡಾಲಸ್ ಡಲ್ಸಿಸ್ ಆಯಿಲ್, ಟೊಕೊಫೆರಿಲ್ ಅಸಿಟೇಟ್, ಟಿಬಿಎಚ್‌ಕ್ಯೂ, ಸಿಐ 47000, ಸಿಐ 26100. ಇಂಥ ಜೋಡಣೆ ಈ ಬಗೆಯ ಎಣ್ಣೆಗಳಲ್ಲಿ ಮಾಮೂಲು. ಮೊದಲ ಹೆಸರು ಪೆಟ್ರೋಲಿಯಂನಿಂದ ಬಂದ ಖನಿಜ ತೈಲ. ಎರಡನೆಯದು ಯಾವ ಗಿಡದ್ದೋ, ಪಾಮ್ ಇರಬಹುದು, ಅಕ್ಕಿ ತೌಡಿನದಿರಬಹುದು. ಪ್ರೂನಸ್ ಎಂಬುದೇ ನಮ್ಮ ಬಾದಾಮಿ, ಅದು ಪರಿಮಳಕ್ಕಿಂತ ಹಿಂದೆ ಕೂತಿದೆ. ಟಿಬಿಎಚ್‌ಕ್ಯೂ ಎಣ್ಣೆ ಕಮಟು ಹಿಡಿಯದಂತೆ ಹಾಕುವುದು. ಕೊನೆಯ ಎರಡು ಸಂಖ್ಯೆಗಳು ಎಣ್ಣೆಯಲ್ಲಿ ಕರಗುವ ಹಳದಿ ಮತ್ತು ಕೆಂಪು ಬಣ್ಣ. ಬಾದಾಮಿಯದೆಂದು ನಾವು ನಂಬುವ ಚಿನ್ನದ ಛಾಯೆ ಆ ಎರಡು ಸಂಖ್ಯೆಗಳ ಕೊಡುಗೆ. ಆ ಹಳದಿಗೆ ಕೆಲವರ ಚರ್ಮ ಅಲರ್ಜಿಯಿಂದ ಸಿಡಿದೇಳುವುದು ಚರ್ಮ ವೈದ್ಯರಿಗೆ ಹಳೆಯ ಸಂಗತಿ.

ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಜನಮತಕ್ಕೆ ಎದುರು. ಲಿಕ್ವಿಡ್ ಪ್ಯಾರಾಫಿನ್ ಕಂಡ ಕೂಡಲೇ ವಿಷ ಎಂದು ಕಿರುಚುವ ವಿಡಿಯೊಗಳನ್ನು ನಾನು ನಂಬುವುದಿಲ್ಲ. ಸೌಂದರ್ಯವರ್ಧಕಕ್ಕೆಂದು ಶುದ್ಧೀಕರಿಸಿದ ಖನಿಜ ತೈಲ ಅಲರ್ಜಿ ಮಾಡುವುದು ತೀರಾ ಅಪರೂಪ, ಕಮಟು ಹಿಡಿಯುವುದೇ ಇಲ್ಲ. ಎಷ್ಟೋ ಗಿಡದ ಎಣ್ಣೆಗಳಿಗಿಂತ ಚರ್ಮಕ್ಕೆ ಸೌಮ್ಯ. ತಕರಾರು ಇರುವುದು ಚಿತ್ರದ ಬಗ್ಗೆ. ಬಾದಾಮಿಯ ಬೆಲೆ ತೆತ್ತು ಪ್ಯಾರಾಫಿನ್ ತರುವುದು ಚರ್ಮಕ್ಕಲ್ಲ, ಜೇಬಿಗೆ ಕೇಡು.

ಸಸ್ಯಗಳ ಹೆಸರು ಲ್ಯಾಟಿನ್‌ನಲ್ಲಿರುವುದು ಅಡ್ಡಿಯಂತೆ ಕಂಡರೂ ಒಮ್ಮೆ ಕಲಿತರೆ ಕೈಬಿಡುವುದಿಲ್ಲ. ಕೋಕೋಸ್ ನ್ಯೂಸಿಫೆರಾ ತೆಂಗು. ಸೆಸಮಮ್ ಇಂಡಿಕಮ್ ಎಳ್ಳು. ರಿಸಿನಸ್ ಕಮ್ಯುನಿಸ್ ಹರಳು. ಅಜಾಡಿರಾಕ್ಟಾ ಇಂಡಿಕಾ ಬೇವು, ಪೊಂಗಾಮಿಯಾ ಗ್ಲಾಬ್ರಾ ಹೊಂಗೆ, ಎಲೈಸ್ ಗಿನೀನ್ಸಿಸ್ ಪಾಮ್, ಅರಾಕಿಸ್ ಹೈಪೋಜಿಯಾ ಕಡಲೆಕಾಯಿ. ಕೊನೆಯದನ್ನು ನೆನಪಿಡಿ: ಕಡಲೆಕಾಯಿ ಅಲರ್ಜಿ ಇರುವ ಮನೆಯಲ್ಲಿ ಈ ಹೆಸರು ಹುಡುಕಲೇಬೇಕು. ಎಣ್ಣೆಯಲ್ಲಿ ಉಳಿದ ಪ್ರೋಟೀನ್ ಚೂರುಗಳೇ ಅಲರ್ಜಿ ಹುಟ್ಟಿಸುವುದರಿಂದ ಯುರೋಪಿನಲ್ಲಿ ಸೌಂದರ್ಯವರ್ಧಕದ ಕಡಲೆಕಾಯಿ ಪ್ರೋಟೀನಿಗೆ ಹತ್ತು ಲಕ್ಷಕ್ಕೆ ಅರ್ಧ ಪಾಲು ಎಂಬ ಕಡಿವಾಣ ಇದೆ. ಗಾಣದ ಎಣ್ಣೆಯಲ್ಲಿ ಇಂಥ ಚೂರುಗಳು ರಿಫೈನ್ಡ್‌ಗಿಂತ ಹೆಚ್ಚು. ‘ಗಾಣದ್ದು’ ಎಂಬುದು ರುಚಿಗೆ ಹೊಗಳಿಕೆ, ಅಲರ್ಜಿಯವರಿಗೆ ಎಚ್ಚರಿಕೆ.

ಇನ್ನು ಮುಂಬದಿಯ ದೊಡ್ಡ ಪದಗಳು. ‘ನ್ಯಾಚುರಲ್’ ಎನ್ನಲು ಎಷ್ಟು ಪಾಲು ಗಿಡದ್ದಿರಬೇಕು ಎಂದು ನಮ್ಮ ಕಾಸ್ಮೆಟಿಕ್ಸ್ ನಿಯಮ ಅಳತೆ ಕೊಟ್ಟಿಲ್ಲ. ‘ಪ್ಯಾರಾಬೆನ್ ಇಲ್ಲ’ ಎಂದು ಶುದ್ಧ ಎಣ್ಣೆಯ ಮೇಲೆ ಬರೆಯುವುದು ಕಡಲೆಕಾಯಿ ಎಣ್ಣೆಯ ಮೇಲೆ ‘ಕೊಲೆಸ್ಟ್ರಾಲ್ ಇಲ್ಲ’ ಎಂದು ಬರೆದಂತೆ. ಇರಲು ಕಾರಣವೇ ಇರಲಿಲ್ಲ. ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯಲು ನೀರು ಬೇಕು. ನೀರಿನ ಹನಿಯೂ ಇಲ್ಲದ ಎಣ್ಣೆಗೆ ಪ್ಯಾರಾಬೆನ್‌ನಂಥ ಸಂರಕ್ಷಕ ಬೇಡ. ‘ಬೋಳುತಲೆಯಲ್ಲಿ ಹೊಸ ಕೂದಲು’ ಎಂಬ ಮಾತಂತೂ ನೇರ ತಪ್ಪು. ಬೋಳುತಲೆ, ಹೊಸ ಕೂದಲು ಹುಟ್ಟಿಸುವುದು, ಅಕಾಲ ನರೆ ಇವು ಔಷಧ ನಿಯಮಗಳ ‘ಶೆಡ್ಯೂಲ್ ಜೆ’ಯಲ್ಲಿವೆ, ವಾಸಿ ಮಾಡುತ್ತೇವೆ ಎಂದು ಔಷಧಿ ಕೂಡ ಹೇಳಿಕೊಳ್ಳಬಾರದ ಪಟ್ಟಿ ಅದು. ಹುಣಸೂರಿನ ಹಕ್ಕಿಪಿಕ್ಕಿ ಜನರ ‘ಆದಿವಾಸಿ ಹೇರ್ ಆಯಿಲ್’ ಹೆಸರಾದ ಮೇಲೆ ಅದೇ ಬಗೆಯ ಹೆಸರಿನ ಬಾಟಲಿಗಳು ಆನ್‌ಲೈನ್‌ನಲ್ಲಿ ತುಂಬಿವೆ. ನಮ್ಮ ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಲ್ಲೂ ಆ ಸಮುದಾಯದವರಿದ್ದಾರೆ, ಅವರ ಮೂಲಿಕೆ ಜ್ಞಾನದ ಬಗ್ಗೆ ನಾನು ಮಾತಾಡುತ್ತಿಲ್ಲ. ಯಾರದ್ದೇ ಬಾಟಲಿಯಾಗಲಿ, ಉದ್ದ ಜಡೆಯ ಫೋಟೊ ಬಿಟ್ಟು ವಿಳಾಸ ಮತ್ತು ಪರವಾನಗಿ ಸಂಖ್ಯೆ ನೋಡಿ.

ಕಾಫಿ ಎಣ್ಣೆಯ ಲೆಕ್ಕ

ಚಿಕ್ಕಮಗಳೂರಿಗೆ ಬರುವ ಪ್ರವಾಸಿಗರು ಈಗ ಕಾಫಿಪುಡಿ ಜೊತೆಗೆ ‘ಕಾಫಿ ಆಯಿಲ್’ ಕೂಡ ಒಯ್ಯುತ್ತಾರೆ. ಕಾಫಿ ಬೀಜದಲ್ಲಿ ನಿಜವಾಗಿಯೂ ಎಣ್ಣೆ ಇದೆ. ಅರೇಬಿಕಾದಲ್ಲಿ ಸುಮಾರು ಶೇ 15, ರೋಬಸ್ಟಾದಲ್ಲಿ ಅದಕ್ಕಿಂತ ಕಡಿಮೆ. ಒಂದು ಹನಿಯೂ ಬಿಡದೆ ಹಿಂಡಿದರೂ ನೂರು ಗ್ರಾಂ ಎಣ್ಣೆಗೆ ಸುಮಾರು 670 ಗ್ರಾಂ ಅರೇಬಿಕಾ ಬೇಕು. ಬೀಜದ ಇಂದಿನ ಬೆಲೆಗೆ ಗುಣಿಸಿ, ಯಂತ್ರದ ಖರ್ಚು ಸೇರಿಸಿ, ಆಮೇಲೆ ಬಾಟಲಿಯ ಎಂಆರ್‌ಪಿ ನೋಡಿ. ಲೆಕ್ಕ ಕೂಡದಿದ್ದರೆ ಅದು ಕಾಫಿಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿ ಸೋಸಿದ್ದು. ಅದೂ ಕೆಟ್ಟದ್ದಲ್ಲ, ಘಮ ಚೆನ್ನಾಗಿರುತ್ತದೆ. ಆದರೆ ಪಟ್ಟಿಯಲ್ಲಿ ಮೊದಲು ತೆಂಗಿನ ಹೆಸರು ಬರಬೇಕು, ಕಾಫಿಯದು ಕೆಳಗೆ. ಕೆಫೀನ್ ಕೂದಲ ಬುಡಕ್ಕೆ ಇಳಿಯುತ್ತದೆ ಎಂಬ ಜಾಹೀರಾತು ಇದ್ದರೆ ಇನ್ನೊಂದು ವಿಷಯ: ಕೆಫೀನ್ ಕರಗುವುದು ಬಿಸಿ ನೀರಿನಲ್ಲಿ, ಎಣ್ಣೆಯಲ್ಲಿ ಅದು ಕರಗುವುದು ತೀರಾ ಅಲ್ಪ. ಫಿಲ್ಟರ್ ಕಾಫಿಗೆ ನಾವು ನೀರು ಹಾಕುವುದು ಸುಮ್ಮನೆ ಅಲ್ಲ.

ಗಿಡದ್ದು ಎಂದರೆ ತಂಪೇ?

ಮಲೆನಾಡಿನವರಿಗೆ ಈ ಪ್ರಶ್ನೆಗೆ ಉತ್ತರ ಗೊತ್ತು. ಗೇರು ಬೀಜದ ಸಿಪ್ಪೆಯಿಂದ ಬರುವ ಗೇರೆಣ್ಣೆ ಪೂರ್ತಿ ಸಸ್ಯಜನ್ಯ, ಯಾವ ರಾಸಾಯನಿಕವೂ ಬೆರೆಸದ್ದು. ಮಳೆಗಾಲದ ಒಡೆದ ಹಿಮ್ಮಡಿಗೆ ಹಿರಿಯರು ಕಡ್ಡಿಯ ತುದಿಯಲ್ಲಿ ಅದ್ದಿ ಹಚ್ಚುತ್ತಿದ್ದರು, ಬೆರಳಲ್ಲಿ ಮುಟ್ಟುತ್ತಿರಲಿಲ್ಲ. ಎಳೆ ಚರ್ಮಕ್ಕೆ ತಾಗಿದರೆ ಸುಟ್ಟಂತೆ ಬೊಬ್ಬೆ ಏಳುತ್ತದೆ.

ಹರಳಿನ ಬೀಜ ಇನ್ನೂ ಘೋರ. ಅದರಲ್ಲಿರುವ ರಿಸಿನ್ ಪ್ರಾಣ ತೆಗೆಯುವ ವಿಷ. ಆದರೂ ಹರಳೆಣ್ಣೆ ನಿರಪಾಯ, ಏಕೆಂದರೆ ರಿಸಿನ್ ಒಂದು ಪ್ರೋಟೀನ್. ಎಣ್ಣೆಯಲ್ಲಿ ಕರಗದೆ ಹಿಂಡಿಯಲ್ಲೇ ಉಳಿಯುತ್ತದೆ, ಕಾಸಿದರೆ ನಾಶವಾಗುತ್ತದೆ. ಹಳ್ಳಿಯಲ್ಲಿ ಹರಳು ಹುರಿದು, ಕುಟ್ಟಿ, ನೀರಿನಲ್ಲಿ ಗಂಟೆಗಟ್ಟಲೆ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ತೆಗೆದು ಮತ್ತೆ ಕಾಯಿಸುವ ಪದ್ಧತಿ ಇದೆಯಲ್ಲ, ಅದು ಸುರಕ್ಷತೆಯ ಪಾಠವೇ. ಈಗಿನ ಫ್ಯಾಷನ್ನಿಗೆ ‘ಶಾಖವೇ ತಾಗದ’ ಹರಳೆಣ್ಣೆಯನ್ನು ಮನೆಯ ಸಣ್ಣ ಯಂತ್ರದಲ್ಲಿ ತೆಗೆಯುವವರು ಕನಿಷ್ಠ ಹಿಂಡಿ ಬೆರೆಯದಂತೆ ಸೋಸಬೇಕು, ಆ ಹಿಂಡಿಯನ್ನು ದನ ನಾಯಿಗಳಿಂದ ದೂರ ಇಡಬೇಕು.

ಕಲಬೆರಕೆಯ ಕಥೆಗಳಲ್ಲಿ ಮರೆಯಬಾರದ್ದು 1998ರ ದೆಹಲಿಯದು. ಸಾಸಿವೆ ಎಣ್ಣೆಗೆ ಅರಿಶಿನ ಉಮ್ಮತ್ತಿಯ ಬೀಜದ ಎಣ್ಣೆ ಸೇರಿ ಹತ್ತಾರು ಜನ ಸತ್ತರು. ಅವರೆಲ್ಲ ತಿಂದವರು. ಆದರೆ ಆ ಕಲಬೆರಕೆ ಎಣ್ಣೆಯನ್ನು ಮೈಗೆ ತಿಕ್ಕಿಸಿಕೊಂಡವರಿಗೂ ಕಾಲು ಬಾವು, ಉಸಿರಾಟದ ತೊಂದರೆ ಬಂದದ್ದನ್ನು ಅದಕ್ಕೂ ಮೊದಲೇ ವೈದ್ಯರು ದಾಖಲಿಸಿದ್ದರು. ಚರ್ಮ ಗೋಡೆಯಲ್ಲ.

ಇಲ್ಲಿಯವರೆಗೆ ಹೇಳಿದ್ದು ಬೀಜದಿಂದ ಹಿಂಡುವ ಜಿಡ್ಡಿನ ಎಣ್ಣೆಗಳ ಮಾತು. ಭಟ್ಟಿ ಇಳಿಸಿ ತೆಗೆಯುವ ಸುಗಂಧ ತೈಲಗಳು, ಅಂದರೆ ನೀಲಗಿರಿ, ಲವಂಗ, ದಾಲ್ಚಿನ್ನಿ, ನಿಂಬೆಹುಲ್ಲು, ಟೀ ಟ್ರೀ, ಇವು ಬೇರೆಯೇ ಜಾತಿ. ಜಿಡ್ಡಿಲ್ಲ, ಆವಿಯಾಗುತ್ತವೆ, ಒಂದು ಹನಿಯಲ್ಲಿ ಕಂತೆಗಟ್ಟಲೆ ಎಲೆಯ ಸಾರ. ಇವುಗಳ ಬಾಟಲಿ ಮೇಲೆ ‘ಶೇ 100 ಶುದ್ಧ’ ಎಂದು ಕಂಡರೆ ಅದನ್ನು ನೇರ ಹಚ್ಚಬೇಡಿ ಎಂದೇ ಓದಿಕೊಳ್ಳಿ. ಮೈಗೆ ಹಚ್ಚಲು ಶೇ 1ರ ಆಸುಪಾಸು ಸಾಕು: 30 ಮಿಲಿ ಕೊಬ್ಬರಿ ಎಣ್ಣೆಗೆ ಆರು ಹನಿ. ಲವಂಗ, ದಾಲ್ಚಿನ್ನಿಗೆ ಅಷ್ಟೂ ಬೇಡ.

ಹಳತಾದ ಸುಗಂಧ ತೈಲ ಹೊಸತಿಗಿಂತ ಕೆಡುಕು. ಗಾಳಿ ತಾಗಿ ಲಿಮೊನೀನ್, ಲಿನಲೂಲ್‌ನಂಥ ಘಟಕಗಳು ಆಕ್ಸಿಜನ್ ಹೀರಿಕೊಂಡು ಅಲರ್ಜಿಕಾರಕಗಳಾಗಿ ಬದಲಾಗುತ್ತವೆ. ಇದಕ್ಕಾಗಿಯೇ ಯುರೋಪಿನಲ್ಲಿ ಇಂಥ 26 ಘಟಕಗಳನ್ನು, ಹಚ್ಚಿ ತೊಳೆಯದೆ ಬಿಡುವ ಉತ್ಪನ್ನದಲ್ಲಿ ಶೇ 0.001 ದಾಟಿದರೆ ಹೆಸರು ಹಿಡಿದು ಬರೆಯಬೇಕಿತ್ತು. 2023ರ ತಿದ್ದುಪಡಿ ಆ ಪಟ್ಟಿಯನ್ನು ಎಂಬತ್ತು ದಾಟಿಸಿದೆ. ನಮ್ಮಲ್ಲಿ ‘ಪರ್ಫ್ಯೂಮ್’ ಎಂಬ ಒಂದು ಪದದ ಹಿಂದೆ ಎಲ್ಲವೂ ಅಡಗಿ ಕೂರಬಹುದು. ಹಿಂದೊಮ್ಮೆ ಸೆಂಟಿಗೆ ಚರ್ಮ ತುರಿಸಿದ್ದರೆ ಆ ಪದವಿರುವ ಎಣ್ಣೆಯನ್ನೇ ಬಿಡುವುದು ಸುಲಭ.

ನಿಂಬೆ ಜಾತಿಯ ಸಿಪ್ಪೆ ಹಿಂಡಿ ತೆಗೆದ ತೈಲಗಳಿಗೆ ಇನ್ನೊಂದು ದೋಷ. ನಿಂಬೆ, ಬರ್ಗಮಾಟ್ ಸಿಪ್ಪೆಯಲ್ಲಿ ಫ್ಯುರೊಕೌಮರಿನ್ ಎಂಬ ವಸ್ತುವಿದೆ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟಗಾಯ, ಆಮೇಲೆ ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆ. ಭಟ್ಟಿ ಇಳಿಸಿದ್ದರಲ್ಲಿ ಈ ಕಾಟ ಕಡಿಮೆ. ಬಿಸಿಲಿನ ಮಾತು ಬಂತೆಂದು ಹೇಳುತ್ತೇನೆ, ‘ಕೊಬ್ಬರಿ ಎಣ್ಣೆಗೆ ಎಸ್‌ಪಿಎಫ್ 8 ಇದೆ’ ಎಂಬ ವಾಟ್ಸಾಪ್ ವಾಕ್ಯ 2010ರ ಒಂದು ಅಧ್ಯಯನದ್ದು (ಎಸ್‌ಪಿಎಫ್ ಎಂದರೆ ಬಿಸಿಲು ತಡೆಯುವ ಶಕ್ತಿಯ ಅಳತೆ). ಅಲ್ಲಿ ಎಣ್ಣೆಯನ್ನು ಆಲ್ಕೋಹಾಲಿನಲ್ಲಿ ಕರಗಿಸಿ ಯಂತ್ರದಲ್ಲಿ ಅಳೆದಿದ್ದರು, ಯಾರ ಬೆನ್ನಿನ ಮೇಲೂ ಅಲ್ಲ. ತೋಟದಲ್ಲಿ ದಿನವಿಡೀ ನಿಲ್ಲುವವರು ಅದನ್ನು ನಂಬಿ ಟೋಪಿ ಬಿಡಬೇಡಿ.

ಕಮಟು, ಕೊಬ್ಬರಿ, ಫ್ರಿಜ್ಜು

ಎಣ್ಣೆ ಕೆಡುವುದು ಎಂದರೆ ಕಮಟು ಹಿಡಿಯುವುದು. ಅಪರ್ಯಾಪ್ತ ಕೊಬ್ಬು ಹೆಚ್ಚಿದ್ದಷ್ಟೂ ಬೇಗ. ಅಗಸೆ, ಸೂರ್ಯಕಾಂತಿ ಬೇಗ ಕೆಡುತ್ತವೆ. ಕೊಬ್ಬರಿ ಎಣ್ಣೆಯಲ್ಲಿ ಶೇ 90ರಷ್ಟು ಪರ್ಯಾಪ್ತ ಕೊಬ್ಬಾದ್ದರಿಂದ ಬಹುಕಾಲ ಬಾಳುತ್ತದೆ. ಕಮಟು ಎಣ್ಣೆ ತಿಂದರಷ್ಟೇ ಅಲ್ಲ, ಹಚ್ಚಿದರೂ ಚರ್ಮ ಕೆರಳಬಹುದು. ಬಿಸಿಲು ಬೀಳುವ ಕಿಟಕಿ ಕಟ್ಟೆಯ ಪಾರದರ್ಶಕ ಬಾಟಲಿ, ಹಳೆ ಎಣ್ಣೆಯ ತಳಕ್ಕೆ ಹೊಸದನ್ನು ಸುರಿಯುವ ಅಭ್ಯಾಸ ಎರಡನ್ನೂ ಬಿಟ್ಟರೆ ಅರ್ಧ ಕೆಲಸ ಆಯಿತು.

ಅರಸೀಕೆರೆ, ತಿಪಟೂರು ಸೀಮೆಯ ಉಂಡೆ ಕೊಬ್ಬರಿ ಮುಖ್ಯವಾಗಿ ತಿನ್ನಲಿಕ್ಕೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ ಬರುವ ಆ ಕೊಬ್ಬರಿಯಲ್ಲಿ ಒಳ್ಳೆಯದು ಉತ್ತರ ಭಾರತಕ್ಕೆ ಹೋಗುತ್ತದೆ, ಬೂಷ್ಟು ಹಿಡಿದದ್ದು, ಒಡೆದದ್ದು ಎಣ್ಣೆಗೆ ಬೀಳುತ್ತದೆ. ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ರಿಫೈನ್ ಮಾಡುವಾಗ ಅದು ಬಹುಮಟ್ಟಿಗೆ ಹೋಗುತ್ತದೆ, ಗಾಣದಲ್ಲಿ ಹೋಗುವುದಿಲ್ಲ. ಹಾಗಾಗಿ ಗಾಣದವನ ಬಳಿ ಹೋದಾಗ ಗಾಣ ಮರದ್ದೋ ಕಬ್ಬಿಣದ್ದೋ ಎಂದು ಕೇಳುವ ಬದಲು, ಪಕ್ಕದ ಚೀಲದಿಂದ ಒಂದು ಕೊಬ್ಬರಿ ಹೋಳು ತೆಗೆದು ಒಳಮೈ ನೋಡಿ. ಬೆಳ್ಳಗಿದೆಯೇ, ಹಸಿರು ಕಪ್ಪು ಕಲೆ ಇದೆಯೇ, ಮುರಿದರೆ ಲಟಕ್ಕನೆ ಮುರಿಯುತ್ತದೆಯೇ ಅಥವಾ ಬಾಗುತ್ತದೆಯೇ? ಮರದ ಗಾಣ ಆ ಕಲೆಯನ್ನು ತೊಳೆಯಲಾರದು.

ಫ್ರಿಜ್ಜಿನಲ್ಲಿ ಗಟ್ಟಿಯಾದರೆ ಶುದ್ಧ ಎಂಬ ಪರೀಕ್ಷೆ ಅರ್ಧ ಸತ್ಯ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ, ಚಿಕ್ಕಮಗಳೂರಿನ ಚಳಿಗೆ ಫ್ರಿಜ್ಜೂ ಬೇಡ. ಪ್ಯಾರಾಫಿನ್ ಹೆಚ್ಚು ಬೆರೆತಿದ್ದರೆ ಮೇಲೆ ದ್ರವ ನಿಂತು ಸಿಕ್ಕಿಬೀಳುತ್ತದೆ. ಆದರೆ ತಾಳೆ ಬೀಜದ ತಿರುಳಿನ ಎಣ್ಣೆ ಕೊಬ್ಬರಿಯಂತೆಯೇ ಹೆಪ್ಪುಗಟ್ಟುತ್ತದೆ. ಅದನ್ನು ಹಿಡಿಯಲು ಪ್ರಯೋಗಾಲಯವೇ ಬೇಕು.

ಮನೆಯಲ್ಲಿ ದಾಸವಾಳ, ಕರಿಬೇವು, ಒಂದೆಲಗ ಹಾಕಿ ಕಾಯಿಸುವವರಿಗೆ ಒಂದು ಮಾತು. ಸೊಪ್ಪಿನ ಚಿಟಪಟ ಸದ್ದು ಪೂರ್ತಿ ನಿಂತು, ಎಲೆ ಗರಿಗರಿಯಾಗಿ ಬೆರಳಲ್ಲಿ ಪುಡಿಯಾಗಬೇಕು. ಸದ್ದು ಇದ್ದರೆ ನೀರು ಇದೆ ಎಂದರ್ಥ. ಆ ನೀರು ತಣ್ಣಗಾದ ಮೇಲೆ ಬಾಟಲಿಯ ತಳಕ್ಕೆ ಇಳಿದು ಮಳೆಗಾಲದಲ್ಲಿ ಬೂಷ್ಟಿಗೆ ಮನೆ ಮಾಡಿಕೊಡುತ್ತದೆ. ತಳದಲ್ಲಿ ಮೋಡದಂಥ ಪದರ ಕಂಡರೆ ಚೆಲ್ಲಿ.

ಯಾರಿಗೆ, ಎಲ್ಲಿಗೆ

ಕೊಬ್ಬರಿ ಎಣ್ಣೆ ಕೂದಲಿನೊಳಗೆ ಇಳಿದು ಪ್ರೋಟೀನ್ ನಷ್ಟ ತಡೆಯುತ್ತದೆ, ಸೂರ್ಯಕಾಂತಿ ಮತ್ತು ಖನಿಜ ತೈಲ ಹಾಗೆ ಮಾಡುವುದಿಲ್ಲ ಎಂದು 2003ರ ಪ್ರಯೋಗ ತೋರಿಸಿತು. ಮಾಡಿದವರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯವರೇ, ಆದರೂ ಪ್ರಯೋಗ ಗಟ್ಟಿಯಾದದ್ದು. ಇದು ಕೂದಲಿನ ಎಳೆಯ ಮಾತು, ತಲೆಯ ಚರ್ಮದ್ದಲ್ಲ. ಹೊಟ್ಟಿನ ಹಿಂದಿರುವ ಮಲಸೇಜಿಯಾ ಶಿಲೀಂಧ್ರಕ್ಕೆ ಎಣ್ಣೆಯ ಕೊಬ್ಬಿನಾಮ್ಲಗಳೇ ಊಟ. ಹೊಟ್ಟು ಎಂದು ಎಣ್ಣೆ ಸುರಿದರೆ ಹೊಟ್ಟು ಹೆಚ್ಚುತ್ತದೆ. ಮೊಡವೆ ಮುಖದ ಹದಿಹರೆಯದವರ ಹಣೆಯ ಅಂಚಿನಲ್ಲಿ ಏಳುವ ಸಾಲು ಗುಳ್ಳೆಗಳಿಗೆ ಎಷ್ಟೋ ಸಲ ತಲೆಯಿಂದ ಇಳಿದ ಎಣ್ಣೆಯೇ ಕಾರಣ.

ಕೂಸುಗಳ ವಿಷಯದಲ್ಲಿ ನಾನು ಕಟ್ಟುನಿಟ್ಟು. ಎಣ್ಣೆ ನೀರು ಹಾಕುವ ಅಜ್ಜಿಯರು ಮೂಗಿಗೆ, ಕಿವಿಗೆ ಎರಡು ಹನಿ ಬಿಡುವ ಪದ್ಧತಿ ನಿಲ್ಲಲೇಬೇಕು. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯ ಆಗುತ್ತದೆ, ದಕ್ಷಿಣ ಭಾರತದ ಮಕ್ಕಳ ವೈದ್ಯರು ಇದನ್ನು ಮತ್ತೆ ಮತ್ತೆ ಬರೆದಿದ್ದಾರೆ. ನೆಗಡಿಗೆ ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕರಗಿಸಿ ಎದೆಗೆ ಹಚ್ಚುವುದೂ ಎರಡು ವರ್ಷದೊಳಗಿನ ಮಗುವಿಗೆ ಬೇಡ. ಕರ್ಪೂರ, ನೀಲಗಿರಿ ಎರಡೂ ಫಿಟ್ಸ್ ತರಿಸಬಲ್ಲವು. ಬೆಂಗಳೂರಿನ ನರರೋಗ ವೈದ್ಯರು ಇಂಥ ಪ್ರಕರಣಗಳನ್ನು ದೊಡ್ಡವರಲ್ಲೂ ದಾಖಲಿಸಿದ್ದಾರೆ. ಬೇವಿನೆಣ್ಣೆ ಚಮಚದಷ್ಟು ಒಳಗೆ ಹೋದರೂ ಕೂಸಿಗೆ ಪ್ರಾಣಾಪಾಯ. ಮಸಾಜಿಗೆ ಸಾದಾ ಕೊಬ್ಬರಿ ಎಣ್ಣೆ ಸಾಕು. ದುಬಾರಿ ಆಲಿವ್ ಎಣ್ಣೆ ಚರ್ಮದ ತಡೆಪದರವನ್ನು ಸಡಿಲಿಸುತ್ತದೆ ಎಂಬ ಅಧ್ಯಯನಗಳಿವೆ.

ಹೊಸ ಎಣ್ಣೆ ತಂದರೆ ಮೊಣಕೈ ಒಳಬದಿಯ ಒಂದು ನಾಣ್ಯದಷ್ಟು ಜಾಗಕ್ಕೆ ದಿನಕ್ಕೆ ಎರಡು ಬಾರಿ, ವಾರ ಪೂರ್ತಿ ಹಚ್ಚಿ ನೋಡಿ. ಒಂದೇ ದಿನ ಹಚ್ಚಿ ಸುಮ್ಮನಾಗಬೇಡಿ, ಅಲರ್ಜಿ ನಿಧಾನವಾಗಿ ಎದ್ದು ಬರುತ್ತದೆ.

ಮಾರುವವರಿಗೆ, ದೂರು ಕೊಡುವವರಿಗೆ

ಸ್ವಸಹಾಯ ಸಂಘದಲ್ಲೋ ಹೋಂಸ್ಟೇಯಲ್ಲೋ ಹೇರ್ ಆಯಿಲ್ ಮಾಡಿ ಮಾರುವುದಾದರೆ ಮೊತ್ತ ಚಿಕ್ಕದಾದರೂ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಂದ ಕಾಸ್ಮೆಟಿಕ್ ತಯಾರಿಕಾ ಪರವಾನಗಿ ಬೇಕು. ಆಹಾರದ ನೋಂದಣಿ ಇದ್ದರೆ ಸಾಲದು. ಅದು ಇರುವವರು ‘ಕೊಬ್ಬರಿ ಎಣ್ಣೆ’ ಎಂದು ಮಾರಬಹುದು, ‘ಕೂದಲಿನ ಎಣ್ಣೆ’ ಎಂದು ಬರೆದ ಕ್ಷಣ ಬೇರೆ ಕಾನೂನಿಗೆ ಕಾಲಿಟ್ಟಂತೆ. ಜಾಗ, ಶುಚಿತ್ವ, ಪರೀಕ್ಷೆಯ ಷರತ್ತುಗಳು ಸಣ್ಣವರಿಗೆ ಭಾರವೇ, ಅದನ್ನು ಅಲ್ಲಗಳೆಯುವುದಿಲ್ಲ. ಪರವಾನಗಿ ಇರುವ ಘಟಕದಲ್ಲಿ ತಯಾರಿಸಿಕೊಂಡು ತಮ್ಮ ಹೆಸರಲ್ಲಿ ಮಾರಲು ‘ಲೋನ್ ಲೈಸೆನ್ಸ್’ ಎಂಬ ದಾರಿಯೂ ಇದೆ, ನಾಲ್ಕೈದು ಸಂಘಗಳು ಕೂಡಿದರೆ ಅದು ಕೈಗೆಟುಕದ್ದೇನಲ್ಲ.

ಹಚ್ಚಿದ್ದರಿಂದ ಚರ್ಮ ಕೆಟ್ಟರೆ ಮೊದಲು ಆ ಎಣ್ಣೆ ನಿಲ್ಲಿಸಿ, ಬಾಟಲಿಯನ್ನು ಎಸೆಯಬೇಡಿ. ಚರ್ಮ ವೈದ್ಯರಿಗೆ ಬೇಕಾದದ್ದು ಅದರ ಹಿಂಬದಿ; ಯಾವುದಕ್ಕೆ ಅಲರ್ಜಿ ಎಂದು ಚರ್ಮದ ಮೇಲೆ ನೋಡುವ ಪ್ಯಾಚ್ ಟೆಸ್ಟ್ ಮಾಡುವುದಾದರೆ ಒಳಗಿನ ಎಣ್ಣೆಯೂ ಬೇಕು. ಜಿಲ್ಲೆಯ ಔಷಧ ನಿಯಂತ್ರಣ ಕಚೇರಿಗೆ ಬರೆದು ಕೊಡಬಹುದು, ಬೆಲೆ ಅಥವಾ ಸುಳ್ಳು ಜಾಹೀರಾತಿನ ತಕರಾರಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಎರಡೂ ಕಡೆ ಕೇಳುವುದು ಬ್ಯಾಚ್ ಸಂಖ್ಯೆ, ತಯಾರಕರ ವಿಳಾಸ, ಬಿಲ್ಲು. ಎಣ್ಣೆ ಜಿನುಗಿ ಬ್ಯಾಚ್ ಸಂಖ್ಯೆ ಅಳಿಸಿಹೋಗುವುದುಂಟು, ಬಾಟಲಿ ತೆರೆಯುವ ಮುಂಚೆಯೇ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.